ಬೇಳೆ ಬೇಯದ ನೀರು ಮತ್ತು ಬಿ.ಎಸ್ಸಿ. ಪದವಿ

ಕೋಲಾರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಕಾಲೇಜಿನ ಎನ್ನೆಸ್ಸೆಸ್ ಶಿಬಿರ ನಡೆದಿತ್ತು. ಕೊನೆಯ ದಿನ ಶಾಲೆಯ ಅಂಗಳದಲ್ಲಿ ವಿಜ್ಞಾನ ವಸ್ತುಪ್ರದರ್ಶನ. ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಉಕ್ಕಿಸುವ ಜ್ವಾಲಾಮುಖಿ, ಥರ್ಮಾಕೋಲಿನ ಸೌರಮಂಡಲ, ಮಳೆನೀರು ಕೊಯ್ಲಿನ ಮಾದರಿ, ಹೀಗೆ ಪ್ರತಿ ವರ್ಷ ಇರುವವೇ. ಊರಿನವರು ಬಂದರು, ನೋಡಿದರು. ಮಕ್ಕಳು ಜ್ವಾಲಾಮುಖಿಯನ್ನು ಇನ್ನೊಂದು ಸಲ ಉಕ್ಕಿಸಿ ಅಂತ ಗಲಾಟೆ ಮಾಡಿದವು. ಅಷ್ಟರಲ್ಲಿ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಹಿರಿಯರೊಬ್ಬರು 'ನೀರಿನ ಗುಣಮಟ್ಟ' ಎಂಬ ಚಾರ್ಟಿನ ಪಕ್ಕ ನಿಂತಿದ್ದ ಹುಡುಗಿಯನ್ನು ಕೇಳಿದರು: "ಅಮ್ಮಾ, ಬೆಂಗಳೂರಿಂದ ಕೆರೆಗೆ ಬರ್ತಾ ಇದ್ಯಲ್ಲ ನೀರು, ಅದನ್ನ ಹಸುಗೆ ಕುಡಿಸ್ಬೋದಾ?"

ಹುಡುಗಿ ಕೊನೆಯ ವರ್ಷದ ಬಿ.ಎಸ್ಸಿ. ರಸಾಯನಶಾಸ್ತ್ರದಲ್ಲಿ ತರಗತಿಗೇ ಮೊದಲು. ಬಿಒಡಿ ಎಂದರೇನು ಎಂದು ಪರೀಕ್ಷೆಯಲ್ಲಿ ಕೇಳಿದ್ದರೆ ಇಂಗ್ಲಿಷಿನಲ್ಲಿ ಒಂದು ಅಕ್ಷರ ತಪ್ಪದೆ ಬರೆಯುತ್ತಿದ್ದಳು. ಬಾಯಿ ತೆರೆದಳು. ಅರ್ಧ ಇಂಗ್ಲಿಷ್ ವಾಕ್ಯ ಹೊರಗೆ ಬಂತು, ಅಲ್ಲೇ ನಿಂತಿತು. ನನ್ನ ಕಡೆ ನೋಡಿದಳು. ಮೇಷ್ಟ್ರುಗಳು ಇಂಥ ಹೊತ್ತಿನಲ್ಲಿ ಏನು ಹೇಳುತ್ತಾರೋ ಅದನ್ನೇ ನಾನೂ ಹೇಳಿದೆ: "ಲ್ಯಾಬಲ್ಲಿ ಟೆಸ್ಟ್ ಮಾಡಿಸ್ಬೇಕು ಯಜಮಾನ್ರೇ."

"ಹೌದಾ" ಎಂದು ಅವರು ಜ್ವಾಲಾಮುಖಿ ನೋಡಲು ಹೋದರು.

ಆ 'ಹೌದಾ'ದಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಇವರಿಂದ ಏನೂ ಗಿಟ್ಟುವುದಿಲ್ಲ ಎಂದು ಮೊದಲೇ ಗೊತ್ತಿದ್ದವರ ಮರ್ಯಾದೆ ಅದು. ನನಗೆ ಇವತ್ತಿಗೂ ಅದು ಚುಚ್ಚುತ್ತದೆ.

ಈಗ ನಮ್ಮ ವಿಶ್ವವಿದ್ಯಾಲಯಗಳಲ್ಲಿ 'ವಿಜ್ಞಾನ ಸಂವಹನ' ಎಂಬ ಮಾತು ಚಲಾವಣೆಯಲ್ಲಿದೆ. ಎರಡು ದಿನದ ಕಾರ್ಯಾಗಾರ, ಒಬ್ಬ ಸಂಪನ್ಮೂಲ ವ್ಯಕ್ತಿ, ಪಿಪಿಟಿ, ಮಧ್ಯಾಹ್ನ ಪುಳಿಯೋಗರೆ, ಸಂಜೆ ಪ್ರಮಾಣಪತ್ರ. ಫೆಬ್ರವರಿ 28 ಬಂದರೆ ಭಿತ್ತಿಪತ್ರ ಸ್ಪರ್ಧೆ. ಇತ್ತೀಚೆಗೆ ಒಂದು ನಿಮಿಷದ ರೀಲ್ಸ್ ಸ್ಪರ್ಧೆಯೂ ಸೇರಿದೆ. ನಾನೂ ಎರಡು ಮೂರು ಕಡೆ ಸಂಪನ್ಮೂಲ ವ್ಯಕ್ತಿಯಾಗಿ ಶಾಲು ಹೊದೆಸಿಕೊಂಡು ಬಂದವನೇ, ಆದ್ದರಿಂದ ಒಳಗಿನವನಾಗಿಯೇ ಈ ಮಾತು ಹೇಳುತ್ತಿದ್ದೇನೆ. ಇವು ಯಾವುವೂ ತರಬೇತಿಯಲ್ಲ. ಧ್ವನಿ ಏರಿಳಿತ ಹೇಗಿರಬೇಕು, ಸ್ಲೈಡಿನಲ್ಲಿ ಎಷ್ಟು ಸಾಲು ಇರಬೇಕು, ಮೊದಲ ವಾಕ್ಯದಲ್ಲೇ ಕೇಳುಗರನ್ನು ಹಿಡಿಯುವುದು ಹೇಗೆ ಎಂಬುದನ್ನು ಹೇಳಿಕೊಡುತ್ತೇವೆ. ಹಸುವಿನ ಪ್ರಶ್ನೆಗೆ ಉತ್ತರ ಕೊಡುವುದು ಹೇಗೆ ಎಂಬುದನ್ನು ಮಾತ್ರ ಹೇಳಿಕೊಡುವುದಿಲ್ಲ. ಏಕೆಂದರೆ ಅದು ನಮಗೇ ಗೊತ್ತಿಲ್ಲ.

ಆ ನೀರಿನ ಕಥೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ಕೋಲಾರ ಜಿಲ್ಲೆಯ ನೂರಕ್ಕೂ ಹೆಚ್ಚು ಕೆರೆಗಳಿಗೆ ತುಂಬಿಸುವ ಯೋಜನೆ ಕೆ.ಸಿ. ವ್ಯಾಲಿ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಮುಂದಿನ ತಿಂಗಳೇ ನೊರೆ ಕಾಣಿಸಿತು. ವಿಷಯ ಹೈಕೋರ್ಟಿಗೆ ಹೋಯಿತು, ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಇನ್ನೊಂದು ಕಡೆ, ದಶಕಗಟ್ಟಲೆ ಜಾಲಿ ಬೆಳೆದು ನಿಂತಿದ್ದ ಕೆರೆಗಳು ತುಂಬಿದವು, ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಏರಿತು. ಟೊಮೆಟೊ, ಹಿಪ್ಪುನೇರಳೆ, ಹಾಲು ಇವುಗಳಲ್ಲೇ ಬದುಕುವ ಜಿಲ್ಲೆಗೆ ಇದು ಸಣ್ಣ ಸಂಗತಿಯಲ್ಲ. ಹೀಗಾಗಿ ಇಲ್ಲಿ ಎರಡು ಗುಂಪು. 'ಇದು ಗಂಗೆ' ಎನ್ನುವವರು ಒಂದು ಕಡೆ, 'ಇದು ವಿಷ' ಎನ್ನುವವರು ಇನ್ನೊಂದು ಕಡೆ. ಇಬ್ಬರ ನಡುವೆ ಹಸು ಹಿಡಿದುಕೊಂಡು ನಿಂತವರು ಆ ಹಿರಿಯರು. ಅದೇ ಜಿಲ್ಲೆಯಲ್ಲಿ, ಅದೇ ಕೆರೆಗಳ ಪಕ್ಕದ ಮನೆಗಳಿಂದ ಬಸ್ಸು ಹತ್ತಿ ಬಂದು ನೂರಾರು ಹುಡುಗ ಹುಡುಗಿಯರು ರಸಾಯನಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ಸಸ್ಯಶಾಸ್ತ್ರ ಓದುತ್ತಾರೆ. ಊರಿನ ಜಗಳ ಮತ್ತು ಕಾಲೇಜಿನ ಪಾಠ ಎಲ್ಲಿಯೂ ಒಂದನ್ನೊಂದು ಮುಟ್ಟುವುದಿಲ್ಲ.

ಆಕೆ ಏನು ಹೇಳಬಹುದಿತ್ತು? ಆಮೇಲೆ ಬಹಳ ದಿನ ಇದನ್ನೇ ಯೋಚಿಸಿದ್ದೇನೆ. ಹೀಗೆ ಹೇಳಬಹುದಿತ್ತು: "ತಾತಾ, ಕೊಳಚೆ ನೀರಲ್ಲಿ ಕೊಳೆಯುವ ಪದಾರ್ಥ ತುಂಬ ಇರುತ್ತೆ. ಅದನ್ನ ಸೂಕ್ಷ್ಮಜೀವಿಗಳು ತಿಂತಾವೆ, ತಿನ್ನೋವಾಗ ನೀರಲ್ಲಿರೋ ಆಕ್ಸಿಜನ್ ಖರ್ಚು ಮಾಡ್ತಾವೆ. ಕೆರೇಲಿ ಹಂಗಾದ್ರೆ ಮೀನು ಮೇಲೆ ಬಂದು ಬಾಯಿ ಬಿಡುತ್ತೆ, ನೋಡಿರ್ತೀರ. ಎರಡನೇ ಹಂತದ ಶುದ್ಧೀಕರಣ ಅಂದ್ರೆ ಈ ತಿನ್ನೋ ಕೆಲಸವನ್ನ ಬೆಂಗಳೂರಲ್ಲೇ ತೊಟ್ಟೀಲಿ ಗಾಳಿ ಊದಿ ಮುಗಿಸೋದು, ಕೆಸರು ಕೆಳಗೆ ಕೂರಿಸೋದು. ಅದರಿಂದ ಕೊಳೆತ ಹೋಗುತ್ತೆ, ವಾಸನೆ ಹೋಗುತ್ತೆ. ಆದರೆ ಕರಗಿರೋ ಉಪ್ಪು, ನೈಟ್ರೇಟು, ಸೋಪಿನ ಪುಡಿಯಿಂದ ಬರೋ ಫಾಸ್ಫೇಟು ಇವೆಲ್ಲ ಪೂರ್ತಿ ಹೋಗಲ್ಲ. ನೊರೆ ಇದೆ ಅಂದ ಮಾತ್ರಕ್ಕೆ ವಿಷ ಅಲ್ಲ, ತಿಳಿಯಾಗಿದೆ ಅಂದ ಮಾತ್ರಕ್ಕೆ ಶುದ್ಧಾನೂ ಅಲ್ಲ. ಸರ್ಕಾರ ಹೇಳಿರೋದೂ ಇದು ಅಂತರ್ಜಲ ತುಂಬಿಸೋಕೆ ಅಂತ, ನೇರ ಎತ್ತಿ ಬಳಸೋಕಲ್ಲ. ಫಾಸ್ಫೇಟು ಜಾಸ್ತಿ ಆದ್ರೆ ನೀರಿನ ಮೇಲೆ ಹಸಿರು ಕೆನೆ ಕಟ್ಟುತ್ತೆ, ಅದರಲ್ಲಿ ಕೆಲವು ಜಾತಿ ದನಕ್ಕೆ ವಿಷ. ಅಂಥ ಕೆನೆ ಕಂಡ ದಿನ ಹಸು ಬಿಡಲೇಬೇಡಿ. ಬಾಕಿ ದಿನ ಏನು ಅಂತ ನಾನು ಈಗ ಹೇಳಲಾರೆ, ನೈಟ್ರೇಟ್ ಎಷ್ಟಿದೆ ಅಂತ ನೋಡ್ಬೇಕು. ಒಂದು ಬಾಟ್ಲಿ ನೀರು ಕೊಡಿ, ಸೋಮವಾರ ನೋಡಿ ಬಂದು ಹೇಳ್ತೀನಿ."

ಇಷ್ಟು ಹೇಳಲು ಬಿ.ಎಸ್ಸಿ. ಪಠ್ಯಕ್ರಮದಲ್ಲಿ ಇಲ್ಲದ ಒಂದೇ ಒಂದು ಸಂಗತಿಯೂ ಬೇಡ. ಎಲ್ಲವೂ ಆಕೆ ಓದಿದ್ದೇ. ಓದಿದ್ದು ಆಕೆಯೊಳಗೆ ಯಾವ ರೂಪದಲ್ಲಿ ಇದೆ ಎಂಬುದೇ ತೊಂದರೆ. ಅದು ಐದು ಅಂಕದ ಪ್ರಶ್ನೆಯ ಉತ್ತರದ ರೂಪದಲ್ಲಿದೆ. ಪ್ರಶ್ನೆಪತ್ರಿಕೆ ಆಕಾರದ ಕೀಲಿ ಬಂದರೆ ಮಾತ್ರ ಆ ಬೀಗ ತೆರೆಯುತ್ತದೆ.

ಇನ್ನೊಂದು ಉದಾಹರಣೆ ಕೊಡುತ್ತೇನೆ, ಇದು ನನಗೆ ಹೆಚ್ಚು ಇಷ್ಟದ್ದು. ಕೋಲಾರ ಸೀಮೆಯ ಯಾವ ಹೆಂಗಸನ್ನಾದರೂ ಕೇಳಿ, ಯಾವ ಬೋರ್‌ವೆಲ್ ನೀರಲ್ಲಿ ಬೇಳೆ ಬೇಯುತ್ತದೆ, ಯಾವುದರಲ್ಲಿ ಬೇಯುವುದಿಲ್ಲ ಎಂದು ಹೇಳುತ್ತಾರೆ. ಬೇಳೆ ಬೇಯದ ನೀರೆಂದರೆ ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ ಬೇಳೆಯೊಳಗಿನ ಪೆಕ್ಟಿನ್ ಜೊತೆ ಸೇರಿ ಅದನ್ನು ಬಿಗಿ ಮಾಡುತ್ತದೆ, ಬೇಳೆ ಕರಗುವುದಿಲ್ಲ. ನಮ್ಮ ಪ್ರಯೋಗಾಲಯದಲ್ಲಿ ಪ್ರತಿ ವಿದ್ಯಾರ್ಥಿಯೂ ಇಡಿಟಿಎ ಟೈಟ್ರೇಷನ್ ಮಾಡಿ ನೀರಿನ ಗಡಸುತನ ಅಳೆಯುತ್ತಾನೆ. ದ್ರಾಕ್ಷಾರಸದ ಕೆಂಪು ಬಣ್ಣ ನೀಲಿಗೆ ತಿರುಗುವ ಆ ಕ್ಷಣವನ್ನು ನಾನು ನೂರಾರು ಮಕ್ಕಳಿಗೆ ತೋರಿಸಿದ್ದೇನೆ. ಮೂರು ಸಲ ಒಂದೇ ಅಳತೆ ಬಂದರೆ ಅಂಕ. ಇದು ನಿಮ್ಮಮ್ಮ ಹೇಳುವ ಬೇಳೆ ನೀರಿನ ಲೆಕ್ಕ ಕಣ್ರೋ ಎಂದು ನಾನು ಒಂದು ದಿನವೂ ಹೇಳಿರಲಿಲ್ಲ. ನನ್ನ ಮೇಷ್ಟ್ರೂ ನನಗೆ ಹೇಳಿರಲಿಲ್ಲ. ಮನೆಯ ತಿಳಿವಳಿಕೆ ಮನೆಯಲ್ಲಿ, ಬ್ಯೂರೆಟ್ಟು ಕಾಲೇಜಿನಲ್ಲಿ.

ಹೀಗಾಗಿ 'ಜನರಿಗೆ ವಿಜ್ಞಾನ ತಲುಪಿಸುವುದು' ಎಂಬ ಮಾತಿನ ಮೇಲೇ ನನಗೆ ತಕರಾರಿದೆ. ತಲುಪಿಸುವುದಂತೆ! ವಿಜ್ಞಾನ ನಮ್ಮ ಹತ್ತಿರ ಕೊರಿಯರ್ ಪಾರ್ಸೆಲ್ ಥರ ಇದೆ, ಜನ ಬಾಗಿಲಲ್ಲಿ ಸಹಿ ಹಾಕಿ ತಗೊಳ್ಳಬೇಕು ಎಂಬ ಹಾಗೆ. ಕೇಳಿಸಿಕೊಳ್ಳಲು ಗೊತ್ತಿಲ್ಲದ ಹುಡುಗರನ್ನು ಮಾತಾಡಲು ಕಳಿಸಿದರೆ ಏನಾಗುತ್ತದೆ? ನಮ್ಮದೇ ಶಿಬಿರದ ಇನ್ನೊಂದು ಚಾರ್ಟಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: 'ನೀರನ್ನು ಕುದಿಸಿ ಆರಿಸಿ ಕುಡಿಯಿರಿ.' ಒಳ್ಳೆಯ ಮಾತೇ. ಕುದಿಸಿದರೆ ರೋಗಾಣು ಸಾಯುತ್ತವೆ. ಆದರೆ ಆ ಭಾಗದ ಎಷ್ಟೋ ಕೊಳವೆಬಾವಿಗಳ ತೊಂದರೆ ರೋಗಾಣುವಲ್ಲ, ಫ್ಲೋರೈಡು. ಶಾಲೆಯ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತಿತ್ತು. ಫ್ಲೋರೈಡಾಗಲಿ ನೈಟ್ರೇಟಾಗಲಿ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಂತೆ ಉಳಿದ ನೀರಿನಲ್ಲಿ ಅವು ಸ್ವಲ್ಪ ದಟ್ಟವೇ ಆಗುತ್ತವೆ. ಒಂದು ಲೀಟರಿನಲ್ಲಿ ಒಂದೂವರೆ ಮಿಲಿಗ್ರಾಂ ಫ್ಲೋರೈಡು ದಾಟಬಾರದು ಎಂದು ಚಾರ್ಟು ಬರೆದ ಹುಡುಗನಿಗೂ ಗೊತ್ತಿತ್ತು, ಅದನ್ನು ತಿದ್ದಬೇಕಾಗಿದ್ದ ನನಗೂ ಗೊತ್ತಿತ್ತು. ಆದರೂ ಎಲ್ಲೋ ನೋಡಿದ ಪೋಸ್ಟರಿನ ವಾಕ್ಯವನ್ನು ಆ ಊರಿಗೆ ಹೊತ್ತು ತಂದೆವು. ಆ ಮಕ್ಕಳ ಹಲ್ಲು ನೋಡಿ ಮಾತು ಶುರು ಮಾಡಿದ್ದರೆ ಆ ಚಾರ್ಟು ಬೇರೆಯೇ ಆಗಿರುತ್ತಿತ್ತು.

ಮಲೆನಾಡಿನಲ್ಲಾದರೆ ಪ್ರಶ್ನೆ ಬೇರೆ. ಅಲ್ಲಿ 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಇವತ್ತಿಗೂ ಇದೆ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮತ್ತೆ ಜೋರಾದಾಗ ಜನ ಕೇಳಿದ್ದು ವೈರಸ್ಸಿನ ರಚನೆಯನ್ನಲ್ಲ. ಲಸಿಕೆ ಹಾಕಿಸಿಕೊಂಡವರಿಗೂ ಯಾಕೆ ಬಂತು, ಸೊಪ್ಪಿಗೆ ದರಕಿಗೆ ಕಾಡಿಗೆ ಹೋಗದೆ ಇರಲು ಆಗುತ್ತದಾ, ಮನೆಯ ದನದ ಮೈಮೇಲಿನ ಉಣುಗಿನಿಂದಲೂ ಬರುತ್ತದಾ, ಇವು ಅವರ ಪ್ರಶ್ನೆಗಳು. ಒಂದೊಂದೂ ಒಂದು ಸ್ನಾತಕೋತ್ತರ ಸೆಮಿನಾರಿಗೆ ಆಗುವಷ್ಟು ಗಟ್ಟಿ ಪ್ರಶ್ನೆ.

'ಕನ್ನಡದಲ್ಲಿ ಪದಗಳಿಲ್ಲವಲ್ಲ ಸಾರ್' ಎಂಬ ಆಕ್ಷೇಪ ಬಂದೇ ಬರುತ್ತದೆ. ಇದಕ್ಕೆ ನೂರು ವರ್ಷದ ಹಿಂದೆಯೇ ಉತ್ತರ ಕೊಟ್ಟವರಿದ್ದಾರೆ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಗೆಳೆಯರೊಂದಿಗೆ ಸೇರಿ 1918ರಲ್ಲೇ 'ವಿಜ್ಞಾನ' ಎಂಬ ಮಾಸಪತ್ರಿಕೆ ತಂದರು. ಮೈಸೂರು ವಿಶ್ವವಿದ್ಯಾಲಯ 1933ರಲ್ಲಿ ಪ್ರಚಾರೋಪನ್ಯಾಸ ಆರಂಭಿಸಿ ಅಧ್ಯಾಪಕರನ್ನು ಊರೂರಿಗೆ ಕಳಿಸಿತು, ಆಡಿದ ಮಾತನ್ನು ಸಣ್ಣ ಪುಸ್ತಕಗಳಾಗಿ ಅಚ್ಚು ಹಾಕಿತು. ಶಿವರಾಮ ಕಾರಂತರು ಯಾವ ವಿಜ್ಞಾನದ ಪದವಿಯೂ ಇಲ್ಲದೆ 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದರು. ಜೆ.ಆರ್. ಲಕ್ಷ್ಮಣರಾವ್, ಜಿ.ಟಿ. ನಾರಾಯಣರಾವ್ ಅವರಂಥ ಕಾಲೇಜು ಮೇಷ್ಟ್ರುಗಳು ಜೀವನವಿಡೀ ಇದೇ ಕೆಲಸ ಮಾಡಿದರು. ಹಾಗಿದ್ದೂ ಪದ ಇಲ್ಲ ಎನ್ನುವುದು ಸೋಮಾರಿತನ.

ಆದರೆ ಕನ್ನಡದ ಕಡೆಯವರ ಒಂದು ಮಾತನ್ನೂ ನಾನು ಒಪ್ಪುವುದಿಲ್ಲ. ಇಂಗ್ಲಿಷಿನ ಫೋಟೋಸಿಂಥಿಸಿಸ್ ತೆಗೆದು 'ದ್ಯುತಿಸಂಶ್ಲೇಷಣೆ' ಇಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಆ ಹಸುವಿನ ಯಜಮಾನರಿಗೆ ಎರಡೂ ಒಂದೇ. 'ಜೈವಿಕ ಆಮ್ಲಜನಕ ಬೇಡಿಕೆ' ಎಂದು ಬಿಒಡಿಯನ್ನು ಕನ್ನಡಿಸಿದರೆ ಅವರು ಇನ್ನೂ ಮರ್ಯಾದೆಯಿಂದ 'ಹೌದಾ' ಎನ್ನುತ್ತಿದ್ದರು. ಮೀನು ಮೇಲೆ ಬಂದು ಬಾಯಿ ಬಿಡುವುದನ್ನು ನೆನಪಿಸಬೇಕು, ಆಮೇಲೆ ಬೇಕಾದರೆ ಬಿಒಡಿ ಎನ್ನಿ, ಅದನ್ನೂ ಅವರು ಕಲಿಯುತ್ತಾರೆ. ಬೋರ್‌ವೆಲ್, ಪಂಪ್‌ಸೆಟ್, ಡ್ರಿಪ್, ಫ್ಯಾಟ್, ಎಸ್‌ಎನ್‌ಎಫ್ ಎಲ್ಲ ಕಲಿತಿದ್ದಾರಲ್ಲ. ಮತ್ತೆ, ಕೋಲಾರದ ಎಷ್ಟೋ ಮನೆಯಲ್ಲಿ ಮಾತು ತೆಲುಗು. ಪಾಠ ಇಂಗ್ಲಿಷ್, ಚಾರ್ಟು ಕನ್ನಡ, ಅಜ್ಜಿ ತೆಲುಗು. ವಿದ್ಯಾರ್ಥಿಗೆ ಮೂರೂ ಬರುತ್ತದೆ. ಇದೊಂದು ದೊಡ್ಡ ಆಸ್ತಿ ಎಂದು ಯಾವ ವಿಶ್ವವಿದ್ಯಾಲಯವೂ ಎಣಿಸಿದಂತಿಲ್ಲ.

'ವಿಜ್ಞಾನಿಯ ಕೆಲಸ ಸಂಶೋಧನೆ, ಬರೆಯುವುದು ಪತ್ರಕರ್ತರ ಕೆಲಸ' ಎನ್ನುವವರೂ ಇದ್ದಾರೆ. ನಾಗೇಶ ಹೆಗಡೆಯವರಂಥವರು ಆ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ ಎಂಬುದು ಕನ್ನಡ ಓದುಗರಿಗೆ ಹೇಳಬೇಕಾಗಿಲ್ಲ. ಆದರೆ ಬಿ.ಎಸ್ಸಿ. ಓದಿದವರಲ್ಲಿ ವಿಜ್ಞಾನಿಗಳಾಗುವವರು ಎಷ್ಟು ಜನ? ಬಹುಪಾಲು ಮಂದಿ ಹೈಸ್ಕೂಲು ಮೇಷ್ಟ್ರಾಗುತ್ತಾರೆ, ಔಷಧ ಕಂಪನಿಯ ಪ್ರತಿನಿಧಿಯಾಗುತ್ತಾರೆ, ಪಂಚಾಯತಿ ಕಚೇರಿಯಲ್ಲಿ ಕೂರುತ್ತಾರೆ, ಮದುವೆಯಾಗಿ ಮನೆ ನಡೆಸುತ್ತಾರೆ. ಅಂದರೆ ಅವರೇ ಸಾರ್ವಜನಿಕರು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2018ರಲ್ಲಿ ಪಿಎಚ್.ಡಿ. ಮಾಡುವವರಿಗೂ ಅದರ ಮೇಲಿನವರಿಗೂ ಜನಪ್ರಿಯ ಲೇಖನ ಬರೆಯುವ ಬಹುಮಾನ ಯೋಜನೆ ತಂದಿತು. ಒಳ್ಳೆಯದು. ಆದರೆ ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನ ಹುಡುಗಿ ಆ ಏಣಿಯ ಮೊದಲ ಮೆಟ್ಟಿಲಿಗೂ ಬರುವುದಿಲ್ಲ. ವಿಜ್ಞಾನ ಪ್ರಸಾರಕ್ಕೆಂದೇ 1989ರಲ್ಲಿ ಹುಟ್ಟಿದ ಕೇಂದ್ರದ ಸಂಸ್ಥೆ 'ವಿಜ್ಞಾನ ಪ್ರಸಾರ್' ಅನ್ನು 2023ರಲ್ಲಿ ಮುಚ್ಚಿಯೂ ಆಯಿತು. ವೈಜ್ಞಾನಿಕ ಮನೋಭಾವ ಬೆಳೆಸುವುದು ಪ್ರಜೆಯ ಕರ್ತವ್ಯ ಎಂದು 1976ರಲ್ಲಿ ಸಂವಿಧಾನದಲ್ಲಿ ಬರೆದುಕೊಂಡ ದೇಶ ಇದು.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಸಂವಹನವನ್ನು ಪ್ರಚಾರ ಎಂದು ತಿಳಿಯುವುದು. ನಮ್ಮ ಸಂಸ್ಥೆ ಏನು ಸಾಧಿಸಿತು, ಎಷ್ಟು ಪೇಟೆಂಟು, ಎಷ್ಟು ರ‍್ಯಾಂಕು ಎಂದು ಹುಡುಗರ ಕೈಯಲ್ಲಿ ವಿಡಿಯೊ ಮಾಡಿಸುವುದು. ಕೆರೆಯ ನೀರಿನ ಬಗ್ಗೆ ಪ್ರಶ್ನೆ ಕೇಳಿದವನನ್ನು ಅಭಿವೃದ್ಧಿ ವಿರೋಧಿ ಎನ್ನುವವರ ಬಾಯಿಗೆ ವಿಜ್ಞಾನದ ಮುದ್ರೆ ಒದಗಿಸುವುದು. ಹಾಗೆಯೇ, ಒಂದು ನೊರೆಯ ಫೋಟೊ ಹಿಡಿದು ಊರೆಲ್ಲ ಕ್ಯಾನ್ಸರ್ ಬರುತ್ತದೆ ಎಂದು ಕೂಗುವವರಿಗೂ ಒದಗಿಸುವುದು. ವಿದ್ಯಾರ್ಥಿಗೆ ಇವೆರಡರ ನಡುವೆ ನಿಂತು 'ಇಷ್ಟು ಗೊತ್ತು, ಇಷ್ಟು ಗೊತ್ತಿಲ್ಲ, ಗೊತ್ತಾಗಬೇಕಾದರೆ ಹೀಗೆ ಮಾಡಬೇಕು' ಎಂದು ಹೇಳುವ ಧೈರ್ಯ ಬೇಕು. ನಮ್ಮ ಪರೀಕ್ಷೆಗಳು ಕಲಿಸುವುದು ಇದರ ತದ್ವಿರುದ್ಧ. 'ಗೊತ್ತಿಲ್ಲ' ಎಂದು ಬರೆದರೆ ಸೊನ್ನೆ. ಗೊತ್ತಿಲ್ಲದ್ದನ್ನು ಎರಡು ಪುಟ ಬರೆದರೆ ಎರಡು ಅಂಕ. ಹದಿನೈದು ವರ್ಷ ಹೀಗೆ ತಯಾರಾದವನಿಗೆ ಎರಡು ದಿನದ ಕಾರ್ಯಾಗಾರ ಏನು ಮಾಡೀತು?

ಎಚ್. ನರಸಿಂಹಯ್ಯನವರು ನಮ್ಮ ಹಳೆಯ ಕೋಲಾರ ಜಿಲ್ಲೆಯವರೇ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಭೌತಶಾಸ್ತ್ರದ ಮೇಷ್ಟ್ರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ವಾರವಾರ ಉಪನ್ಯಾಸ ನಡೆಸಿದರು. ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿ ಬೈಸಿಕೊಂಡರು. ಪ್ರಶ್ನೆ ಕೇಳಿ, ಕೇಳಿಸಿಕೊಳ್ಳಿ ಎಂಬುದನ್ನು ಅವರು ಸಂಸ್ಥೆಯ ಅಭ್ಯಾಸವನ್ನಾಗಿ ಮಾಡಲು ನೋಡಿದರು. ಈಗ ಅವರ ಹೆಸರಿನಲ್ಲಿ ಭಾಷಣ ಸ್ಪರ್ಧೆ ಏರ್ಪಡಿಸುತ್ತೇವೆ. ಬಾಯಿಪಾಠ ಮಾಡಿ ಬಂದ ಹುಡುಗ ಗೆಲ್ಲುತ್ತಾನೆ.

ಈ ಪತ್ರಿಕೆ ಓದುವವರು ಹೆಚ್ಚಿನವರು ಸಾಹಿತ್ಯದವರು, ನಿಮ್ಮನ್ನೂ ಸುಮ್ಮನೆ ಬಿಡಲಾರೆ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'ವಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಬ್ಬ ಸಸ್ಯಶಾಸ್ತ್ರದ ಪ್ರಾಧ್ಯಾಪಕ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಕಥೆ ಅದು. ಆ ಪುಸ್ತಕದ ಹಾಸ್ಯವನ್ನು ಹೊಗಳುತ್ತೇವೆ, ಭಾಷೆಯನ್ನು ಹೊಗಳುತ್ತೇವೆ. ಅಲ್ಲಿ ವಿದ್ಯಾರ್ಥಿಗಳು ಮೇಷ್ಟ್ರಿಗೆ ಎದುರು ಮಾತಾಡುತ್ತಾರೆ, ತಮಾಷೆ ಮಾಡುತ್ತಾರೆ, ತಪ್ಪು ಹೆಸರು ಹೇಳುತ್ತಾರೆ, ಗಿಡವನ್ನು ಮುಟ್ಟಿ ನೋಡುತ್ತಾರೆ ಎಂಬುದೇ ಅದರ ಜೀವ ಎಂದು ನನಗನ್ನಿಸುತ್ತದೆ. ಕನ್ನಡ ಎಂ.ಎ. ವಿದ್ಯಾರ್ಥಿ ಅದನ್ನು ಓದುತ್ತಾನೆ. ಸಸ್ಯಶಾಸ್ತ್ರದವನಿಗೆ ಅಂಥದೊಂದು ಪುಸ್ತಕ ಇದೆ ಎಂದೂ ಗೊತ್ತಿರುವುದಿಲ್ಲ. ಸಾಹಿತ್ಯ ಸಮ್ಮೇಳನಗಳಲ್ಲಿ ವಿಜ್ಞಾನಕ್ಕೆ ಒಂದು ಗೋಷ್ಠಿ, ಅದೂ ಊಟವಾದ ಮೇಲೆ.

ಹಾಗಾದರೆ ಏನು ಮಾಡಬೇಕು? ಹೊಸ ಪತ್ರಿಕೆ, ಹೊಸ ಡಿಪ್ಲೊಮಾ, ಹೊಸ ಕೇಂದ್ರ ನನಗೆ ಬೇಡ. ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂತು. ಪತ್ರಿಕೆಗಳ ಹೆಸರು ಬದಲಾಯಿತು, ರೆಕಾರ್ಡ್ ಪುಸ್ತಕ ಬದಲಾಗಲಿಲ್ಲ. ಆ ರೆಕಾರ್ಡ್ ಪುಸ್ತಕದಿಂದಲೇ ಶುರು ಮಾಡಿ ಎನ್ನುತ್ತೇನೆ. ಪ್ರತಿ ಪ್ರಯೋಗದ ಕೊನೆಗೆ ಒಂದು ಪುಟ, ಮನೆಯ ಭಾಷೆಯಲ್ಲಿ, ಕನ್ನಡವೋ ತೆಲುಗೋ ಉರ್ದುವೋ, ಈ ಪ್ರಯೋಗವನ್ನು ಮನೆಯ ಒಬ್ಬರಿಗೆ ಹೇಳಿದಾಗ ಅವರು ಏನು ಕೇಳಿದರು ಎಂದು ಬರೆಯಲಿ. ತಾನು ಏನು ಹೇಳಿದೆ ಎಂಬುದಲ್ಲ, ಅವರು ಏನು ಕೇಳಿದರು ಎಂಬುದು. ವರ್ಷಕ್ಕೊಮ್ಮೆ ಒಂದು ಊರಿಗೆ ಹೋಗಲಿ. ಮೊದಲ ಸಲ ಬರಿ ಪ್ರಶ್ನೆ ತರಲಿ, ಚಾರ್ಟು ಬೇಡ. ಪ್ರಯೋಗಾಲಯದಲ್ಲಿ ಆಗುವಷ್ಟು ಅಳೆಯಲಿ. ಎರಡನೇ ಸಲ ಹೋಗಿ ಉತ್ತರ ಹೇಳಲಿ, ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎಂದು ಹೇಳಲಿ. ಎರಡನೇ ಸಲ ಹೋಗದಿದ್ದರೆ ಮೊದಲ ಸಲದ ಅಂಕವನ್ನೂ ಕೊಡಬೇಡಿ.

ಆ ಶಿಬಿರದ ನಂತರ ನಾನು ಇದನ್ನು ನನ್ನ ತರಗತಿಯಲ್ಲಿ ಅಂಕವಿಲ್ಲದೆ ಮಾಡಿಸಿದೆ. ಕೆಲವರು ಗೂಗಲ್ಲಿನಿಂದ ಇಳಿಸಿ ತಂದರು. ಇನ್ನು ಕೆಲವರು ಬರೆದೇ ಇಲ್ಲ. ಚಾರ್ಟಿನ ಪಕ್ಕ ನಿಂತಿದ್ದ ಆ ಹುಡುಗಿ ಗಡಸುತನದ ಪ್ರಯೋಗದ ಕೆಳಗೆ ಬರೆದಿದ್ದಳು: ಬೇಳೆ ಬೇಯಲು ಅಮ್ಮ ಚಿಟಿಕೆ ಸೋಡಾ ಹಾಕುತ್ತಾಳೆ, ಸೋಡಾ ಹಾಕಿದರೆ ಗಡಸುತನ ಹೋಗುತ್ತದಾ ಅಥವಾ ಬೇಳೆಯೇ ಬದಲಾಗುತ್ತದಾ ಎಂದು ಅವಳು ಕೇಳಿದಳು, ನನಗೆ ಗೊತ್ತಾಗಲಿಲ್ಲ. ನಾನು ಅವತ್ತು ಸಂಜೆ ಪುಸ್ತಕ ತೆಗೆದು ಕೂತೆ.

ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯೊಂದರ ಸಭೆಯಲ್ಲಿ ಈ ಪುಟಕ್ಕೆ ಐದು ಅಂಕ ಇಡೋಣ ಎಂದು ಕೇಳಿದೆ. ತೆಲುಗಲ್ಲಿ ಬರೆದರೆ ಮೌಲ್ಯಮಾಪನ ಮಾಡುವವರು ಯಾರು ಎಂದು ಒಬ್ಬರು ಕೇಳಿದರು. ಅಧ್ಯಕ್ಷರು ನಗುತ್ತಾ, ಒಳ್ಳೆ ಐಡಿಯಾ, ಮುಂದಿನ ಪರಿಷ್ಕರಣೆಯಲ್ಲಿ ನೋಡೋಣ, ಸದ್ಯಕ್ಕೆ ಇದನ್ನು ಎರಡು ದಿನದ ಕಾರ್ಯಾಗಾರ ಮಾಡಿಬಿಡಿ, ಅನುದಾನ ಇದೆ ಎಂದರು. ಅಷ್ಟರಲ್ಲಿ ಟೀ ಬಂತು.